ಆಕೃತಿಯೂ ಲಾಂಛನವೂ: ವಿನ್ಯಾಸ ವಿದ್ಯಾರ್ಥಿಯ ಪ್ರಗತಿಯನ್ನು ಕುರಿತು ಒಂದು ವಿಮರ್ಶೆ

ಚರಿತ್ರೆಯ ಅಧ್ಯಯನಕ್ಕೂ ಗಣಕಯಂತ್ರದ ಪರದೆಯ ಮೇಲೆ ರಚಿಸುವ ಪಾತ್ರಾಕೃತಿ ಲಾಂಛನಗಳಿಗೂ ಸಂಬಂಧವೇನೆಂದು ಕೆಲವರು ಕೇಳಬಹುದು. ಶಾಸನ, ನಾಣ್ಯ, ಮುದ್ರೆಗಳನ್ನು ಓದುವುದು ನಮ್ಮ ಕಸುಬು. ಅರಸನೊಬ್ಬನು ತನ್ನ ಗುರುತೆಂದು ಯಾವ ಆಕೃತಿಯನ್ನು ಆರಿಸಿಕೊಂಡನು, ಅದನ್ನು ಕೆತ್ತಿದ ಅಕ್ಕಸಾಲಿಗನು ಯಾವುದನ್ನು ಉಳಿಸಿ ಯಾವುದನ್ನು ಬಿಟ್ಟನು ಎಂಬ ಪ್ರಶ್ನೆಗಳು ನಮಗೆ ಹೊಸವಲ್ಲ. ಇಂದು ವಿನ್ಯಾಸಶಾಲೆಗಳಲ್ಲಿ ಕಲಿಯುತ್ತಿರುವ ತರುಣ ತರುಣಿಯರು ಮಾಡುತ್ತಿರುವುದೂ ಅದೇ ಜಾತಿಯ ಕೆಲಸ. ಆದರೆ ಅವರ ಪ್ರಗತಿಯನ್ನು ಅಳೆಯುವ ಬಗೆಯಲ್ಲಿ ದೋಷವೊಂದು ಬೇರೂರುತ್ತಿರುವಂತೆ ನಮಗೆ ತೋರುತ್ತದೆ. ಮುಗಿದ ಚಿತ್ರವನ್ನು ನೋಡಿ, ಅದು ನಯವಾಗಿದ್ದರೆ ವಿದ್ಯಾರ್ಥಿಯು ಮುಂದುವರಿದಿದ್ದಾನೆಂದೂ ಒರಟಾಗಿದ್ದರೆ ಹಿಂದುಳಿದಿದ್ದಾನೆಂದೂ ತೀರ್ಮಾನಿಸುವುದು ವಾಡಿಕೆಯಾಗಿದೆ. ನಯವಾದ ಚಿತ್ರವು ಕಲಿಕೆಯ ಫಲವಾಗಿರಬಹುದು, ಅದೃಷ್ಟದ ಫಲವಾಗಿರಬಹುದು, ಎರವಲಿನ ಫಲವೂ ಆಗಿರಬಹುದು. ಇವುಗಳಲ್ಲಿ ಯಾವುದೆಂಬುದನ್ನು ಆ ಚಿತ್ರವೊಂದೇ ಹೇಳಲಾರದು. ಅದಕ್ಕೆ ಹಿಂದಣ ಕರಡುಗಳು ಬೇಕು.

ಮೊದಲು ಎರಡು ಮಾತುಗಳ ಅರ್ಥವನ್ನು ಬೇರ್ಪಡಿಸಿಕೊಳ್ಳಬೇಕು. ಪಾತ್ರಾಕೃತಿಯೆಂದರೆ ನಡೆಯಬೇಕಾದ, ತಿರುಗಬೇಕಾದ, ನಗಬೇಕಾದ, ಸಿಟ್ಟಾಗಬೇಕಾದ ಚಿತ್ರ. ಅದನ್ನು ಎದುರಿನಿಂದ ನೋಡಿದರೂ ಪಕ್ಕದಿಂದ ನೋಡಿದರೂ ಅದೇ ವ್ಯಕ್ತಿಯೆಂದು ತಿಳಿಯಬೇಕು. ಒಳಗಣ ರೇಖೆಗಳನ್ನೆಲ್ಲ ಅಳಿಸಿ ಕಪ್ಪು ನೆರಳನ್ನು ಮಾತ್ರ ಉಳಿಸಿದರೂ ಗುರುತು ಕೆಡಬಾರದು. ಲಾಂಛನವಾದರೋ ಚಲಿಸುವುದಿಲ್ಲ. ಅದು ಒಂದೇ ಭಂಗಿಯಲ್ಲಿ ನಿಂತು, ಬಣ್ಣವಿದ್ದರೂ ಇಲ್ಲದಿದ್ದರೂ, ಗೋಡೆಯಷ್ಟು ದೊಡ್ಡದಾದರೂ ಗುಂಡಿಯಷ್ಟು ಚಿಕ್ಕದಾದರೂ, ತನ್ನ ಒಡೆಯನ ಹೆಸರನ್ನು ಹೇಳಬೇಕು. ಎರಡೂ ಬೇರೆ ವಿದ್ಯೆಗಳೆಂದು ಪಾಠಪಟ್ಟಿಗಳಲ್ಲಿ ವಿಭಾಗಿಸಿರುವುದುಂಟು. ಆದರೂ ಇವೆರಡರ ನಡುವೆ ಹಳೆಯದೊಂದು ದಾರಿಯಿದೆ. ಆಕೃತಿಯು ಕುಗ್ಗುತ್ತ ಬಂದಾಗ ಲಾಂಛನವಾಗುತ್ತದೆ. ಈ ಕುಗ್ಗುವಿಕೆಯಲ್ಲಿ ವಿದ್ಯಾರ್ಥಿಯು ತೋರುವ ವಿವೇಚನೆಯೇ ಅವನ ಪ್ರಗತಿಯ ನಿಜವಾದ ಒರೆಗಲ್ಲೆಂಬುದು ನಮ್ಮ ಮತ.

ಕನ್ನಡನಾಡಿನ ಗಂಡಭೇರುಂಡವನ್ನು ಇಲ್ಲಿ ನೆನೆಯಬಹುದು. ಬಳ್ಳಿಗಾವೆಯಲ್ಲಿ ಕ್ರಿ.ಶ. ೧೦೪೭ರಲ್ಲಿ ಚಾಮುಂಡರಾಯರಸನು ನಿಲ್ಲಿಸಿದ ಕಂಬದ ಮೇಲಣ ಭೇರುಂಡನು ಮನುಷ್ಯನ ಮೈಯುಳ್ಳವನು. ಕೊರಳ ಮೇಲೆ ಮಾತ್ರ ಎರಡು ಹಕ್ಕಿತಲೆಗಳಿವೆ. ಅಲ್ಲಿ ಶಿಲ್ಪಿಗೆ ಎತ್ತರವೂ ಸ್ಥಳವೂ ಇದ್ದುದರಿಂದ ಅವನು ಒಬ್ಬ ವ್ಯಕ್ತಿಯನ್ನೇ ಕಡೆದನು. ಹದಿನಾರನೆಯ ಶತಮಾನದಲ್ಲಿ ವಿಜಯನಗರದ ಅಚ್ಯುತದೇವರಾಯನ ಚಿನ್ನದ ನಾಣ್ಯಗಳಲ್ಲಿ ಅದೇ ಕಲ್ಪನೆಯು ಬೆರಳ ತುದಿಯಷ್ಟು ಜಾಗದಲ್ಲಿ ಬಂದಿದೆ. ಪೂರ್ಣ ವರಾಹದ ತೂಕವೇ ಸುಮಾರು ಮೂರೂವರೆ ಗ್ರಾಂ. ಅರ್ಧ ವರಾಹವು ಅದರಲ್ಲಿ ಅರ್ಧ. ಇಷ್ಟರಲ್ಲಿ ಮನುಷ್ಯದೇಹಕ್ಕೆ ಎಡೆಯಿಲ್ಲ. ಅಚ್ಚು ಕೆತ್ತಿದವನು ಅದನ್ನು ಹಕ್ಕಿಯಾಗಿಯೇ ಮಾಡಿ, ಎರಡು ಕೊಕ್ಕುಗಳಲ್ಲಿಯೂ ಕಾಲುಗುರುಗಳಲ್ಲಿಯೂ ಆನೆಗಳನ್ನು ಸಿಕ್ಕಿಸಿದನು. ಆನೆಗಳನ್ನು ಅವನೇಕೆ ಬಿಡಲಿಲ್ಲ? ಜಾಗದ ಇಕ್ಕಟ್ಟನ್ನು ನೋಡಿದರೆ ಮೊದಲು ಕೈಬಿಡಬೇಕಾಗಿದ್ದುದು ಅವನ್ನೇ. ಆದರೆ ಆನೆಯಿಲ್ಲದಿದ್ದರೆ ಹಕ್ಕಿಯ ಗಾತ್ರವು ನೋಡುವವನಿಗೆ ತಿಳಿಯುವುದೆಂತು? ಚಿಕ್ಕದಾದ ಆನೆಯು ಪಕ್ಕದಲ್ಲಿರುವುದರಿಂದಲೇ ಹಕ್ಕಿಯು ಭಯಂಕರವಾಗುತ್ತದೆ. ಈ ಅನಾಮಧೇಯ ಕುಶಲಿಗೆ ಏನನ್ನು ಕಳೆಯಬಾರದೆಂಬುದು ತಿಳಿದಿತ್ತು. ಮುಂದೆ ಮೈಸೂರು ಅರಸರ ಲಾಂಛನದಲ್ಲಿಯೂ ಇಂದಿನ ಕರ್ನಾಟಕ ಸರ್ಕಾರದ ಲಾಂಛನದಲ್ಲಿಯೂ ಗಂಡಭೇರುಂಡವು ಉಳಿದುಬಂದಿರುವುದನ್ನು ಎಲ್ಲರೂ ಬಲ್ಲರು. ಆದರೆ ನಾಣ್ಯದ ಅಚ್ಚಿಗೆ ಮುಂಚೆ ಅವನು ಎಷ್ಟು ಬಗೆಗಳನ್ನು ಗೀಚಿ ಬಿಟ್ಟನೆಂಬುದನ್ನು ತಿಳಿಯಲು ಸಾಧನವಿಲ್ಲ. ಅವನ ಕುಶಲತೆಯನ್ನು ನಾವು ಮೆಚ್ಚಬಹುದೇ ಹೊರತು ಅವನು ಅದನ್ನು ಕಲಿತ ಬಗೆಯನ್ನು ಬರೆಯಲಾರೆವು.

ಪರದೆಯ ಮೇಲಣ ಆಕೃತಿಗಳ ಚರಿತ್ರೆಯು ಅಲ್ಪಕಾಲದ್ದಾದುದರಿಂದ ಅಲ್ಲಿ ಈ ಕೊರತೆಯು ಅಷ್ಟಾಗಿಲ್ಲ. ಮಾಡಿದವರ ಮಾತುಗಳು ದೊರೆಯುತ್ತವೆ, ಕೆಲವು ಕಡೆ ಕರಡುಗಳೂ ದೊರೆಯುತ್ತವೆ. ಜಪಾನಿನ ಶಿಗೆರು ಮಿಯಮೊಟೊ ಕನಜಾವದ ಕಲಾಶಾಲೆಯಲ್ಲಿ ಕೈಗಾರಿಕಾ ವಿನ್ಯಾಸವನ್ನು ಕಲಿತು ೧೯೭೭ರಲ್ಲಿ ನಿಂಟೆಂಡೊ ಸಂಸ್ಥೆಯನ್ನು ಸೇರಿದನು. ೧೯೮೧ರಲ್ಲಿ ಬಂದ ಡಾಂಕಿ ಕಾಂಗ್ ಎಂಬ ಆಟಕ್ಕಾಗಿ ಅವನು ರಚಿಸಿದ ಬಡಗಿಯೇ ಮುಂದೆ ಮಾರಿಯೊ ಎಂದು ಲೋಕಪ್ರಸಿದ್ಧನಾದನು. ಈ ಬಡಗಿಗೆ ದೊರೆತ ಸ್ಥಳವು ಅಡ್ಡಕ್ಕೆ ಹದಿನಾರು, ಉದ್ದಕ್ಕೆ ಹದಿನಾರು ಚೌಕಗಳು ಮಾತ್ರ. ಅಷ್ಟರಲ್ಲಿ ಬಾಯಿಯನ್ನು ಬರೆದರೆ ಕಾಣದು. ಆದುದರಿಂದ ದೊಡ್ಡ ಮೂಗೂ ಅದರ ಕೆಳಗೆ ಮೀಸೆಯೂ ಬಂದವು. ಕೂದಲನ್ನು ಬರೆದರೆ ಜಿಗಿಯುವಾಗ ಅದು ಹಾರಬೇಕಾಗುತ್ತದೆ. ಆದುದರಿಂದ ಟೋಪಿ ಬಂದಿತು. ತೋಳಿಗೂ ಮೈಗೂ ಒಂದೇ ಬಣ್ಣವಾದರೆ ತೋಳು ಬೀಸುವುದು ತಿಳಿಯದು. ಆದುದರಿಂದ ಭುಜಪಟ್ಟಿಯ ಕೆಲಸಗಾರರ ಉಡುಪು ಬಂದಿತು. ಇಂದು ಈ ಮೀಸೆ ಟೋಪಿಗಳನ್ನು ಆ ಪಾತ್ರದ ಸ್ವಭಾವವೆಂದೇ ಜನರು ತಿಳಿಯುತ್ತಾರೆ. ಹುಟ್ಟಿದಾಗ ಅವು ಇಕ್ಕಟ್ಟಿಗೆ ಕೊಟ್ಟ ಉತ್ತರಗಳಾಗಿದ್ದುವು. ಇದನ್ನರಿಯದ ವಿದ್ಯಾರ್ಥಿಯೊಬ್ಬನು ವಿಶಾಲವಾದ ಪರದೆಯ ಮೇಲೆ, ಲಕ್ಷಗಟ್ಟಲೆ ಚುಕ್ಕಿಗಳ ಅನುಕೂಲವಿದ್ದಾಗಲೂ, ತನ್ನ ಪಾತ್ರಕ್ಕೆ ದೊಡ್ಡ ಮೂಗನ್ನೂ ಮೀಸೆಯನ್ನೂ ಅಂಟಿಸಿದರೆ ಅವನು ಕಲಿತುದು ಉತ್ತರವನ್ನು ಮಾತ್ರ; ಪ್ರಶ್ನೆಯನ್ನು ಅವನು ಕೇಳಿಕೊಳ್ಳಲಿಲ್ಲ. ಪರೀಕ್ಷಕನು ಮುಗಿದ ಚಿತ್ರವನ್ನಷ್ಟೇ ನೋಡಿದರೆ ಈ ಭೇದವು ಅವನ ಕಣ್ಣಿಗೆ ಬೀಳದು.

ಇದಕ್ಕಿಂತ ಹೆಚ್ಚು ಸ್ವಾರಸ್ಯವುಳ್ಳದ್ದು ಸೂಸನ್ ಕೇರ್ ಎಂಬಾಕೆಯ ಕೆಲಸ. ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಕಲೆಯ ವಿಷಯವಾಗಿ ಡಾಕ್ಟರೇಟ್ ಪಡೆದಿದ್ದ ಈಕೆ ಗಣಕಯಂತ್ರವನ್ನು ಅರಿತವಳಲ್ಲ. ಪ್ರೌಢಶಾಲೆಯ ಗೆಳೆಯ ಆಂಡಿ ಹರ್ಟ್ಸ್‌ಫೆಲ್ಡ್ ಆಪಲ್ ಸಂಸ್ಥೆಯ ಮ್ಯಾಕಿಂಟಾಷ್ ಯಂತ್ರಕ್ಕೆ ಚಿತ್ರಗಳು ಬೇಕೆಂದು ಕೇಳಿ, ಚೌಕಳಿ ಕಾಗದದ ಪುಸ್ತಕವನ್ನು ಕೊಂಡು ಅದರಲ್ಲಿ ಮನೆಗಳನ್ನು ತುಂಬುವಂತೆ ಸೂಚಿಸಿದನು. ಮೂವತ್ತೆರಡಕ್ಕೆ ಮೂವತ್ತೆರಡು, ಒಟ್ಟು ೧೦೨೪ ಮನೆಗಳು. ಒಂದೊಂದೂ ಕಪ್ಪು ಅಥವಾ ಬಿಳುಪು, ನಡುವಣ ಬಣ್ಣವಿಲ್ಲ. ೧೯೮೩ರಲ್ಲಿ ಆಕೆ ಆ ಸಂಸ್ಥೆಯನ್ನು ಸೇರಿದಳು. ೧೯೮೪ರ ಜನವರಿಯಲ್ಲಿ ಯಂತ್ರವು ಹೊರಬಂದಾಗ ಅದನ್ನು ತೆರೆದವರನ್ನು ಎದುರುಗೊಂಡ ನಗುಮೊಗದ ಪುಟ್ಟ ಯಂತ್ರದ ಚಿತ್ರವು ಆಕೆಯದೇ. ಅದು ಆಕೃತಿಯೋ ಲಾಂಛನವೋ ಎಂದು ಕೇಳಿದರೆ ಎರಡೂ ಹೌದೆನ್ನಬೇಕು.

ಮೊಸಾಯಿಕ್ ಕೆಲಸ, ಎಳೆಯೆಣಿಸಿ ಹಾಕುವ ಕಸೂತಿ ಮೊದಲಾದವುಗಳನ್ನು ಬಲ್ಲವರಿಗೆ ಈ ಚೌಕಗಳ ಕಟ್ಟುಪಾಡು ಅಪರಿಚಿತವಲ್ಲವೆಂದು ಆಕೆಯೇ ಹೇಳಿದ್ದುಂಟು. ಧಾರವಾಡದ ಕಡೆಯ ಕಸೂತಿಯನ್ನು ಬಲ್ಲ ನಮ್ಮ ಓದುಗರಿಗಂತೂ ಇದನ್ನು ವಿವರಿಸಬೇಕಾಗಿಲ್ಲ. ಬಟ್ಟೆಯ ಮೇಲೆ ನಕ್ಷೆಯನ್ನು ಬರೆದುಕೊಳ್ಳದೆ, ಎಳೆಗಳನ್ನು ಎಣಿಸುತ್ತಲೇ ಆನೆ, ತೇರು, ಗೋಪುರಗಳನ್ನು ಮೂಡಿಸುವ ಹೆಂಗಸರು ಗವಂತಿ ಮುರ್ಗಿ ಹೊಲಿಗೆಗಳಲ್ಲಿ ಮಾಡುವುದು ಇದೇ ಲೆಕ್ಕಾಚಾರ. ಮುರ್ಗಿಯ ಮೆಟ್ಟಿಲು ರೇಖೆಯನ್ನೂ ಹಳೆಯ ಪರದೆಯ ಮೇಲಣ ಓರೆರೇಖೆಯನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಬಂಧುತ್ವವು ತಾನಾಗಿಯೇ ಕಾಣುವುದು. (ವಿನ್ಯಾಸಶಾಲೆಗಳು ಕಸೂತಿಯನ್ನು ‘ಪರಂಪರೆ’ ಎಂಬ ಗೂಡಿನಲ್ಲಿಟ್ಟು, ಡಿಜಿಟಲ್ ಪಾತ್ರವಿನ್ಯಾಸವನ್ನು ‘ಆಧುನಿಕ’ ಎಂಬ ಮತ್ತೊಂದು ಗೂಡಿನಲ್ಲಿಡುವುದು ಏತಕ್ಕೆಂಬುದು ನಮಗೆ ತಿಳಿಯದು.)

ಕೇರ್ ಅವರ ಕೆಲಸದಲ್ಲಿ ಇನ್ನೊಂದು ಗಮನಾರ್ಹ ಸಂಗತಿಯಿದೆ. ಆಜ್ಞೆಯ ಕೀಲಿಗೆ ಒಂದು ಗುರುತು ಬೇಕಾಗಿದ್ದಾಗ ಆಕೆ ಸಂಕೇತಗಳ ಕೋಶವೊಂದನ್ನು ಹುಡುಕಿ, ಸ್ವೀಡನ್ ದೇಶದಲ್ಲಿ ನೋಡತಕ್ಕ ಸ್ಥಳಗಳನ್ನು ಸೂಚಿಸುತ್ತಿದ್ದ ನಾಲ್ಕು ಕುಣಿಕೆಗಳ ಚೌಕವನ್ನು ಆರಿಸಿದಳು. ಆ ಕುಣಿಕೆಯ ಚೌಕವು ಗಾಟ್ಲೆಂಡ್ ದ್ವೀಪದ ಪ್ರಾಚೀನ ಚಿತ್ರಶಿಲೆಯ ಮೇಲೂ ಕಂಡುಬರುತ್ತದೆ. ಇದು ಎರವಲೇ ಸರಿ. ಆದರೂ ಮೇಲೆ ನಾವು ದೂರಿದ ಬಗೆಯ ಎರವಲಲ್ಲ. ಹತ್ತಾರು ಗುರುತುಗಳನ್ನು ಬದಿಗಿಟ್ಟು ಒಂದನ್ನು ಹಿಡಿಯುವುದು ವಿವೇಚನೆಯ ಕೆಲಸ. ಬದಿಗಿಟ್ಟವು ಯಾವುವೆಂಬುದು ತಿಳಿದಷ್ಟೂ ಆ ವಿವೇಚನೆಯ ಬೆಲೆ ನಮಗೆ ತಿಳಿಯುತ್ತದೆ.

ಲಾಂಛನದ ಕಡೆಗೆ ತಿರುಗಿದರೆ, ವಿದ್ಯಾರ್ಥಿಗಳಿಗೆ ಅಧ್ಯಾಪಕರು ಅಡಿಗಡಿಗೆ ಹೇಳುವ ಕಥೆಯೊಂದಿದೆ. ಅಮೆರಿಕದ ಪೋರ್ಟ್‌ಲೆಂಡ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ವಿನ್ಯಾಸವನ್ನು ಕಲಿಯುತ್ತಿದ್ದ ಕೆರೊಲಿನ್ ಡೇವಿಡ್‌ಸನ್ ೧೯೭೧ರಲ್ಲಿ ಪಾದರಕ್ಷೆಯ ಕಂಪೆನಿಯೊಂದಕ್ಕೆ ಬಾಗಿದ ರೇಖೆಯ ಗುರುತೊಂದನ್ನು ಬರೆದುಕೊಟ್ಟು ಮೂವತ್ತೈದು ಡಾಲರುಗಳನ್ನು ಪಡೆದಳು. ಅದೇ ಇಂದಿನ ನೈಕಿ ಲಾಂಛನ. ಕಂಪೆನಿಯ ಫಿಲ್ ನೈಟ್ ಆಗ ಅಲ್ಲಿಯೇ ಲೆಕ್ಕಶಾಸ್ತ್ರವನ್ನು ಬೋಧಿಸುತ್ತಿದ್ದನು. ಕಥೆಯು ಸಾಮಾನ್ಯವಾಗಿ ಹಣದ ಅಲ್ಪತ್ವದಲ್ಲಿ ಮುಗಿದುಹೋಗುತ್ತದೆ. ೧೯೮೩ರಲ್ಲಿ ಕಂಪೆನಿಯು ಆಕೆಗೆ ಉಂಗುರವನ್ನೂ ತನ್ನ ಷೇರುಗಳನ್ನೂ ಕೊಟ್ಟಿತೆಂಬುದನ್ನು ಕೆಲವರು ಸೇರಿಸುತ್ತಾರೆ. ಹೀಗೆ ಹೇಳಿದಾಗ ವಿದ್ಯಾರ್ಥಿಗೆ ಉಳಿಯುವುದು ಒಂದು ಭಾಗ್ಯದ ಕಥೆ. ವಿನ್ಯಾಸದ ದೃಷ್ಟಿಯಿಂದ ಮುಖ್ಯವಾದುದು ಬೇರೆ. ಆಕೆ ಶೂಸಿನ ಚಿತ್ರವೊಂದನ್ನು ಬರೆದುಕೊಂಡು, ತೆಳುಕಾಗದದ ಮೇಲೆ ಗುರುತುಗಳನ್ನು ಗೀಚಿ, ಅವನ್ನು ಆ ಚಿತ್ರದ ಮೇಲೆ ಹಾಸಿ ನೋಡುತ್ತಿದ್ದಳು. ಅಂದರೆ ಬಿಳಿಯ ಹಾಳೆಯ ನಡುವೆ ಚೆಂದವಾಗಿ ಕಾಣುವ ಚಿಹ್ನೆಯನ್ನು ಆಕೆ ಹುಡುಕಲಿಲ್ಲ. ಪಾದರಕ್ಷೆಯ ಪಕ್ಕದ ಬಾಗನ್ನು ಅನುಸರಿಸಿ ಓಟವನ್ನು ಸೂಚಿಸುವ ಪಟ್ಟೆಯನ್ನು, ಅಡಿಡಾಸ್ ಕಂಪೆನಿಯ ಮೂರು ಪಟ್ಟೆಗಳಿಗೆ ಹೋಲದಂತೆ, ಹುಡುಕಿದಳು. ಆ ರೇಖೆಯು ಒಂದು ತುದಿಯಲ್ಲಿ ದಪ್ಪವಾಗಿ ಇನ್ನೊಂದು ತುದಿಯಲ್ಲಿ ಸಣ್ಣದಾಗಿರುವುದಕ್ಕೆ ಶೂಸಿನ ಹಿಮ್ಮಡಿಯೂ ಮುಂಗಾಲೂ ಕಾರಣವೆಂಬುದು ಅದನ್ನು ಶೂಸಿನ ಮೇಲೆ ನೋಡಿದವರಿಗೆ ಹೊಳೆಯುತ್ತದೆ. ಮೊದಮೊದಲು ಅದರೊಡನೆ ಕಂಪೆನಿಯ ಹೆಸರೂ ಇರುತ್ತಿತ್ತು. ೧೯೯೫ರಿಂದೀಚೆಗೆ ರೇಖೆಯೊಂದೇ ಹೆಸರಿನ ಕೆಲಸವನ್ನು ಮಾಡತೊಡಗಿತು. ಇಪ್ಪತ್ತನಾಲ್ಕು ವರ್ಷಗಳ ಬಳಕೆಯಿಂದ ಬಂದ ಆ ಶಕ್ತಿಯನ್ನು ೧೯೭೧ರ ವಿದ್ಯಾರ್ಥಿನಿಯ ಖಾತೆಗೆ ಪೂರ್ತಿಯಾಗಿ ಸೇರಿಸುವುದೂ ತಪ್ಪು. ತರಗತಿಗಳಲ್ಲಿ ಆ ತೆಳುಕಾಗದದ ಮಾತು ಬಂದುದನ್ನು ನಾವು ಕೇಳಿರುವುದು ಅತಿ ವಿರಳ.

ನಮ್ಮ ದೇಶದ ಉದಾಹರಣೆಯು ರೂಪಾಯಿಯ ಚಿಹ್ನೆ. ೨೦೦೯ರಲ್ಲಿ ಭಾರತ ಸರ್ಕಾರವು ಏರ್ಪಡಿಸಿದ ಸ್ಪರ್ಧೆಗೆ ಮೂರು ಸಾವಿರಕ್ಕೂ ಮೇಲ್ಪಟ್ಟು ರಚನೆಗಳು ಬಂದವು. ಕೊನೆಯ ಸುತ್ತಿಗೆ ಐದು ಉಳಿದುವು. ೨೦೧೦ರ ಜುಲೈ ೧೫ರಂದು ಮಂತ್ರಿಮಂಡಲವು ಒಪ್ಪಿದುದು ಡಿ. ಉದಯಕುಮಾರ್ ಅವರ ರಚನೆಯನ್ನು. ಮುಂಬಯಿಯ ಐ.ಐ.ಟಿ.ಯ ವಿನ್ಯಾಸಕೇಂದ್ರದಲ್ಲಿ ತಮಿಳು ಅಕ್ಷರರೂಪಗಳನ್ನು ಕುರಿತು ಡಾಕ್ಟರೇಟ್ ಸಂಶೋಧನೆ ನಡೆಸಿದ ವಿದ್ಯಾರ್ಥಿ ಅವರು. ನಾಗರಿಯ ‘ರ’ಕಾರವನ್ನೂ, ನೆಟ್ಟಗೆ ನಿಂತ ಗೆರೆಯನ್ನು ಕಳೆದ ರೋಮನ್ ‘ಆರ್’ ಅಕ್ಷರವನ್ನೂ ಒಂದೇ ರೂಪದಲ್ಲಿ ಸೇರಿಸಿ, ಮೇಲಣ ಶಿರೋರೇಖೆಯ ಕೆಳಗೆ ಮತ್ತೊಂದು ಅಡ್ಡಗೆರೆಯನ್ನು ಎಳೆದದ್ದು ಆ ರಚನೆ. ಅದೇ ವರ್ಷ ಯೂನಿಕೋಡ್ ಸಂಕೇತಮಾಲೆಯಲ್ಲಿ ಅದಕ್ಕೆ ಸ್ಥಾನ ದೊರೆಯಿತು. ೨೦೧೧ರಲ್ಲಿ ನಾಣ್ಯಗಳ ಮೇಲೆ ಬಂದಿತು.

ಈ ಚಿಹ್ನೆಯಲ್ಲಿ ನಿಜವಾದ ಗುಣವು ಒಂದು ಗೆರೆಯನ್ನು ಬಿಟ್ಟುದರಲ್ಲಿದೆ. ರೋಮನ್ ಅಕ್ಷರದ ಬೆನ್ನೆಲುಬನ್ನೇ ತೆಗೆದರೂ ಅದು ಬೀಳದಂತೆ ಶಿರೋರೇಖೆಯಿಂದ ತೂಗಬಿಡಬಹುದೆಂದು ಕಂಡುಕೊಳ್ಳಬೇಕಾದರೆ, ಅಕ್ಷರಗಳು ಎಲ್ಲಿಂದ ತೂಗುತ್ತವೆ ಎಲ್ಲಿ ನಿಲ್ಲುತ್ತವೆ ಎಂಬುದನ್ನು ವರ್ಷಗಟ್ಟಲೆ ನೋಡಿದ ಕಣ್ಣು ಬೇಕು. ಲಿಪಿಗಳ ಸಂಶೋಧಕನಿಗೆ ಅದು ಹೊಳೆದುದು ಆಕಸ್ಮಿಕವಲ್ಲ. ಆದರೆ ಎರಡು ಅಡ್ಡಗೆರೆಗಳು ತ್ರಿವರ್ಣಧ್ವಜವನ್ನೂ ಸಮತೆಯನ್ನೂ ಸೂಚಿಸುತ್ತವೆಂಬ ವಿವರಣೆಯನ್ನು ನಾವು ಅದೇ ತಕ್ಕಡಿಯಲ್ಲಿ ತೂಗಲಾರೆವು. ಅದು ಹೇಳಿದ ಮೇಲೆ ತಿಳಿಯುವ ಅರ್ಥ. ಸಂತೆಯಲ್ಲಿ ಬೆಲೆಯ ಚೀಟಿಯನ್ನು ಓದುವವನು ಧ್ವಜವನ್ನು ಕಾಣುವುದಿಲ್ಲ. ವಿದ್ಯಾರ್ಥಿಗಳು ತಮ್ಮ ಲಾಂಛನಗಳಿಗೆ ಪುಟಗಟ್ಟಲೆ ಇಂಥ ಅರ್ಥವನ್ನು ಬರೆದು ಒಪ್ಪಿಸುವ ಚಾಳಿಗೆ ಈ ಪ್ರಸಿದ್ಧ ನಿದರ್ಶನವು ಇಂಬುಕೊಟ್ಟಿದೆಯೆಂದೇ ನಮ್ಮ ಭಾವನೆ. ಇನ್ನು ಬಳಕೆಯ ವಿಷಯ. ಅಗ್ಗದ ಕಾಗದದ ಮೇಲೆ ಸಣ್ಣ ಅಚ್ಚಿನಲ್ಲಿ ಮುದ್ರಿಸಿದಾಗ ಎರಡು ಗೆರೆಗಳ ನಡುವಣ ಬಿಳುಪು ಮಸಿಯಿಂದ ತುಂಬಿಕೊಳ್ಳುವುದನ್ನು ಯಾವ ಕಿರಾಣಿ ಅಂಗಡಿಯ ಜಾಹೀರಾತಿನಲ್ಲಾದರೂ ನೋಡಬಹುದು. ಕನ್ನಡ ಪುಟದಲ್ಲಿ ಅದು ಇನ್ನೂ ಅತಿಥಿಯಾಗಿಯೇ ಕುಳಿತಿದೆ. ನಮ್ಮ ಅಕ್ಷರಗಳು ದುಂಡಗೆ ನೆಲದ ಮೇಲೆ ಕೂರುವಂಥವು. ತಲೆಕಟ್ಟು ಒಂದೊಂದು ಅಕ್ಷರಕ್ಕೂ ಬೇರೆಬೇರೆ. ಸಾಲಿನುದ್ದಕ್ಕೂ ತೂಗುಹಾಕುವ ಶಿರೋರೇಖೆ ನಮ್ಮಲ್ಲಿಲ್ಲ. ಪುಸ್ತಕಗಳಲ್ಲಿ ‘ರೂ.’ ಎಂಬುದೇ ಇನ್ನೂ ಹೆಚ್ಚಾಗಿ ಕಾಣುತ್ತಿರುವುದಕ್ಕೆ ಅಭ್ಯಾಸಬಲವೊಂದೇ ಕಾರಣವಾಗಿರಲಾರದು. ಇಷ್ಟಾದರೂ ಆ ರಚನೆಯು ಕಲಿತವನ ಕೆಲಸವೆಂಬುದರಲ್ಲಿ ಸಂದೇಹವಿಲ್ಲ.

ಬಿಡುವುದೇ ಪ್ರಗತಿಯೆಂದು ಇದರಿಂದ ಯಾರೂ ತಿಳಿಯಬಾರದು. ಕಳೆಯುವುದು ಒಂದು ಸೂತ್ರವಾಗಿಬಿಟ್ಟರೆ ಅದೂ ನಕಲಿನ ಮತ್ತೊಂದು ರೂಪ. ಹಳೆಯ ಬಟ್ಟೆಯ ಕಂಪೆನಿಯಾದ ಬರ್ಬೆರಿಯು ೨೦೧೮ರಲ್ಲಿ ತನ್ನ ಕುದುರೆಸವಾರನನ್ನು ಕೈಬಿಟ್ಟು ಬರಿಯ ದಪ್ಪಕ್ಷರಗಳ ಹೆಸರನ್ನು ಇಟ್ಟುಕೊಂಡಿತು. ಆಗ ಇಂಥ ಎಷ್ಟೋ ಕಂಪೆನಿಗಳು ಹಾಗೆಯೇ ಮಾಡುತ್ತಿದ್ದುದರಿಂದ ಒಂದರ ಲಾಂಛನವನ್ನು ಇನ್ನೊಂದರಿಂದ ಬೇರ್ಪಡಿಸುವುದೇ ಕಷ್ಟವಾಯಿತು. ೨೦೨೩ರಲ್ಲಿ ಸವಾರನು ಮರಳಿ ಬಂದನು. ಅಚ್ಯುತರಾಯನ ನಾಣ್ಯದ ಅಚ್ಚಿನವನು ಆನೆಗಳನ್ನು ಬಿಡದಿದ್ದುದರ ಬೆಲೆಯು ಇಂಥಲ್ಲಿ ತಿಳಿಯುತ್ತದೆ. ಮೊದಲ ವರ್ಷದ ವಿದ್ಯಾರ್ಥಿಯ ಲಾಂಛನದಲ್ಲಿ ಸೂರ್ಯ, ಪುಸ್ತಕ, ಕೈ, ಎಲೆ ಎಲ್ಲವೂ ಇರುತ್ತವೆ, ಎರಡನೆಯ ವರ್ಷದಲ್ಲಿ ಒಂದು ವೃತ್ತ ಮಾತ್ರ ಉಳಿಯುತ್ತದೆ, ಅಧ್ಯಾಪಕರು ಮೆಚ್ಚುತ್ತಾರೆ. ಆದರೆ ಎಲೆಯೇ ಏಕೆ ಹೋಯಿತು, ವೃತ್ತವೇ ಏಕೆ ಉಳಿಯಿತು ಎಂದು ಕೇಳಿದರೆ ಉತ್ತರ ಬಾರದಿದ್ದಲ್ಲಿ ಎರಡು ವರ್ಷಗಳಲ್ಲಿ ಬದಲಾದುದು ಅಭಿರುಚಿಯ ಫ್ಯಾಷನ್ನೇ ಹೊರತು ವಿದ್ಯಾರ್ಥಿಯಲ್ಲ.

ಇಂದಿನ ಪರಿಸ್ಥಿತಿಯು ಈ ಪ್ರಶ್ನೆಯನ್ನು ತೀವ್ರಗೊಳಿಸಿದೆ. ಪೆನ್ಸಿಲಿನ ಗೀಚು ತಾನು ಅಪೂರ್ಣವೆಂದು ತೋರಿಸಿಕೊಳ್ಳುತ್ತದೆ. ಪರದೆಯ ಮೇಲಾದರೋ ಮೊದಲನೆಯ ಗೆರೆಯೇ ಸಮನಾಗಿ, ಬಣ್ಣವು ತಪ್ಪಿಲ್ಲದೆ ತುಂಬಿ, ಮುಗಿದ ಕೃತಿಯ ವೇಷದಲ್ಲಿ ಬರುತ್ತದೆ. ೨೦೨೨ರಿಂದೀಚೆಗೆ ನಾಲ್ಕು ಮಾತುಗಳ ವರ್ಣನೆಯನ್ನು ಕೊಟ್ಟರೆ ಪಾತ್ರಾಕೃತಿಯನ್ನು ಕ್ಷಣದಲ್ಲಿ ರಚಿಸಿಕೊಡುವ ಯಂತ್ರಗಳು ಎಲ್ಲರ ಕೈಗೂ ಸಿಕ್ಕಿವೆ. ಆ ಚಿತ್ರದ ನಯವನ್ನು ಮೂರನೆಯ ವರ್ಷದ ವಿದ್ಯಾರ್ಥಿಯೂ ಮೀರಿಸಲಾರನು. ಹೀಗಿರುವಲ್ಲಿ ಆರು ತಿಂಗಳು ಒಂದು ಮುಖವನ್ನು ತಿದ್ದಿದ ಹುಡುಗಿಯೂ, ಆರು ನಿಮಿಷದಲ್ಲಿ ಅದನ್ನು ತರಿಸಿಕೊಂಡ ಹುಡುಗನೂ ಒಂದೇ ಬಗೆಯ ಕೃತಿಸಂಪುಟವನ್ನು ಪರೀಕ್ಷಕರ ಮುಂದಿಟ್ಟರೆ, ನಯವನ್ನು ಅಳೆಯುವ ಪರೀಕ್ಷಕನು ಅನ್ಯಾಯ ಮಾಡದೆ ಇರಲಾರನು. ಅನ್ಯಾಯವು ಅಂಕಗಳಲ್ಲಿಯೇ ನಿಲ್ಲುವುದಿಲ್ಲ. ಆ ಹುಡುಗಿಯು ಮುಂದಿನ ವರ್ಷ ತಿದ್ದುವುದನ್ನೇ ಬಿಟ್ಟಾಳು.

ಶಾಸನದ ಪಾಠವನ್ನು ಒಪ್ಪುವ ಮುನ್ನ ಅದು ಎಲ್ಲಿ ದೊರೆಯಿತು, ಯಾವ ಪ್ರತಿಯಿಂದ ಬಂದಿತು, ನಡುವೆ ತಿದ್ದಿದವರು ಯಾರು ಎಂದು ನಮ್ಮ ವಿದ್ಯಾರ್ಥಿಗಳನ್ನು ಕೇಳುತ್ತೇವೆ. ವಿನ್ಯಾಸದ ವಿದ್ಯಾರ್ಥಿಯನ್ನೂ ಹಾಗೆಯೇ ಕೇಳತಕ್ಕದ್ದು. ದಿನಾಂಕ ಹಾಕಿದ ಕರಡುಗಳು, ಬಿಟ್ಟ ರೂಪಗಳು, ಪಾತ್ರವನ್ನು ಪಕ್ಕಕ್ಕೆ ತಿರುಗಿಸಿದಾಗ ಕೆಟ್ಟ ಮೂಗು, ಹದಿನಾರು ಚೌಕಗಳಿಗೆ ಇಳಿಸಿದಾಗ ಗುರುತೇ ಸಿಕ್ಕದೆ ಹೋದ ಲಾಂಛನ, ಇವೆಲ್ಲವೂ ಮುಗಿದ ಹಾಳೆಯೊಡನೆ ಬರಲಿ. ಕರಡುಗಳನ್ನೂ ಕೃತಕವಾಗಿ ಮಾಡಬಹುದಲ್ಲವೇ ಎಂಬ ಆಕ್ಷೇಪಣೆಯುಂಟು. ತಾಮ್ರಶಾಸನಗಳಲ್ಲಿಯೂ ಕೂಟಶಾಸನಗಳಿವೆ, ಅದಕ್ಕಾಗಿ ತಾಮ್ರಶಾಸನಗಳನ್ನು ಓದುವುದನ್ನು ಯಾರೂ ಬಿಟ್ಟಿಲ್ಲ. ಪರೀಕ್ಷಕನ ಎದುರಿಗೆ ಕುಳಿತು ಅದೇ ಪಾತ್ರದ ಬೆನ್ನನ್ನು ಬರೆಯೆಂದರೆ ಅದನ್ನು ಕಟ್ಟಿದವನು ಬರೆದಾನು, ತರಿಸಿಕೊಂಡವನು ತಡವರಿಸಿಯಾನು.

ಕರಡುಗಳನ್ನು ಯಾವುದರ ಮೇಲೆ ಉಳಿಸಬೇಕೆಂಬುದೂ ಸಣ್ಣ ವಿಷಯವಲ್ಲ. ವಿದ್ಯಾರ್ಥಿಗಳು ಒಂದೇ ಕಡತದ ಮೇಲೆ ದಿನವೂ ಬರೆದು ಹಿಂದಿನದನ್ನು ಅಳಿಸುತ್ತಾರೆ. ಪದವಿ ಮುಗಿದ ಬಳಿಕ ಗಣಕಯಂತ್ರವು ಕೆಟ್ಟರೆ ಎಲ್ಲವೂ ಹೋಯಿತು. ಕೇರ್ ಅವರ ಚೌಕಳಿ ಪುಸ್ತಕದ ಹಾಳೆಗಳು ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳಲ್ಲಿ ತುಂಬಿದ ಮನೆಗಳನ್ನು ಇಂದೂ ಯಾರು ಬೇಕಾದರೂ ಬರಿಗಣ್ಣಿನಿಂದ ಎಣಿಸಬಹುದು. ಅದೇ ವರ್ಷ ಅದೇ ಯಂತ್ರಕ್ಕಾಗಿ ಬರೆದ ಮೂರೂವರೆ ಅಂಗುಲದ ತಟ್ಟೆಯನ್ನು ಓದಬೇಕಾದರೆ ಮೊದಲು ಅಂಥ ಯಂತ್ರವೊಂದನ್ನು ಹುಡುಕಿ, ಅದು ಇನ್ನೂ ನಡೆಯುತ್ತದೆಯೇ ಎಂದು ನೋಡಬೇಕಾಗುತ್ತದೆ.